ಕೃತ್ತಿಕಾದಿಂದ ಚಿತ್ತಿಯವರೆಗೆ: ಒಂದು ಮುಂಗಾರಿನ ಕಸದ ದಿನಚರಿ

ಮಿಶ್ರಿಕೋಟಿ
ಮೇ 22, 2024, ಬುಧವಾರ

ಕೃತ್ತಿಕಾ ಮಳೆ ಚೆನ್ನಾಗಿ ಬಿದ್ದು ಮೂರ್ನಾಲ್ಕು ದಿನ ಬಿಸಿಲು ಕಾದದ್ದೇ ತಡ, ಕೆರೆ ಕಡೆಯ ಹೊಲ ಪೂರಾ ಹಸಿರು. ನಾವು ಬಿತ್ತಿದ್ದು ಒಂದು ಕಾಳೂ ಇಲ್ಲ. ತಗಚಿ, ಕಿರಕಸಾಲಿ, ಕನ್ನೆ ಸೊಪ್ಪು, ನಾಲ್ಕಾರು ಬಗೆಯ ಹುಲ್ಲು, ಬದುವಿನ ಅಂಚಿಗೆ ಕಾಂಗ್ರೆಸ್ ಕಸದ ಎಳೆ ಸಸಿಗಳು. ನಾಳೆಯೇ ರೋಟಾವೇಟರ್ ಹೊಡೆದು ಬಿತ್ತಿಬಿಡಿ ಅಂತ ಟ್ರ್ಯಾಕ್ಟರಿನವನು ಅವಸರ ಮಾಡಿದ. ಮಾವನವರು ಒಪ್ಪಲಿಲ್ಲ. “ಮದಲ ಕಸದ ಪಾಳಿ ಮುಗೀಲಿ, ಆಮ್ಯಾಲ ನಮ್ಮ ಪಾಳಿ. ಇನ್ನೊಂದು ಹದಾ ಮಳಿ ಆಗಲಿ. ಎರಡ ಸರತಿ ಹರಗಿ ಮಿರಗದಾಗ ಬಿತ್ತೋಣು.”

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಬಾಯಿಪಾಠ ಮಾಡಿದ್ದು ನನಗೆ ಪೂರ್ತಿ ತಿಳಿದದ್ದು ಮದುವೆಯಾಗಿ ಈ ಹೊಲಕ್ಕೆ ಬಂದ ಮೇಲೆಯೇ. ಹೆಚ್ಚಿನ ಕಸದ ಬೀಜ ಬಹಳ ಸಣ್ಣದು. ಅದರೊಳಗಿನ ಆಹಾರ ಒಂದೆರಡು ಬೆರಳು ಮಣ್ಣು ದಾಟಿ ಮೇಲೆ ಬರುವುದಕ್ಕೆ ಸಾಕು, ಅಷ್ಟೇ. ಆಳದಲ್ಲಿ ಮೊಳೆತರೆ ಮೇಲೆ ಬರುವ ಮೊದಲೇ ಸಾಯುತ್ತದೆ. ಆದ್ದರಿಂದ ಬೆಳಕು ಬೀಳುವತನಕ ಮೊಳೆಯದೆ ಕಾಯುವ ಗುಣ ಅನೇಕ ಕಸಗಳ ಬೀಜಕ್ಕೆ ಬಂದಿದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ಲೆಟ್ಯೂಸ್ ಬೀಜದ ಮೇಲೆ ಇದನ್ನು ತೋರಿಸಿಕೊಟ್ಟರು. ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯುತ್ತದೆ. ಕಡುಗೆಂಪಿನ ಆಚೆಯ, ಕಣ್ಣಿಗೆ ಹೆಚ್ಚು ಕಾಣದ ಬೆಳಕು ಬಿದ್ದರೆ ಸುಮ್ಮನಾಗುತ್ತದೆ. ಯಾವುದು ಕೊನೆಗೆ ಬಿತ್ತೋ ಅದರಂತೆ ನಡೆಯುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ತಾನೇ ಹೀರಿಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತದೆ. ಹಾಗಾಗಿ ಬೆಳೆಯ ದಟ್ಟ ನೆರಳಿನಡಿ ಬಿದ್ದ ಬೀಜಕ್ಕೆ ತನ್ನ ಮೇಲೆ ಬೇರೆ ಗಿಡ ನಿಂತಿದೆ ಅನ್ನುವುದು ಗೊತ್ತಾಗುತ್ತದೆ. ನೇಗಿಲು ಮಣ್ಣನ್ನು ಮಗುಚಿದಾಗ ಕ್ಷಣಮಾತ್ರದ ಬಿಸಿಲು ಬಿದ್ದರೂ ಅದಕ್ಕೆ ಸಾಕು. ಜರ್ಮನಿಯಲ್ಲಿ ರಾತ್ರಿ ಕತ್ತಲಲ್ಲಿ ಉಳುಮೆ ಮಾಡಿ ನೋಡಿದವರು 1990ರಲ್ಲಿ ಕಸ ಬಹಳ ಕಡಿಮೆಯಾಯಿತೆಂದು ಬರೆದರು. ಎಲ್ಲ ಜಾತಿಯ ಕಸಕ್ಕೂ ಇದು ನಡೆಯುವುದಿಲ್ಲ ಅನ್ನುವುದು ಆಮೇಲಿನ ಪ್ರಯೋಗಗಳಲ್ಲಿ ಕಂಡಿತು.

ಮಾವನವರ ಮಾತಿನ ತಿರುಳೂ ಇದೇ. ಮೇಲಿನ ಪದರದ ಬೀಜಗಳೆಲ್ಲ ಮೊಳೆಯಲಿ, ಅವನ್ನು ಕುಂಟೆಯಿಂದ ಮೇಲಮೇಲೆ ಹರಗಿ ಸಾಯಿಸೋಣ, ಆಳದಲ್ಲಿ ಮಲಗಿದ್ದನ್ನು ಎಬ್ಬಿಸುವುದು ಬೇಡ. ರೋಟಾವೇಟರ್ ಹಾಕಿದ್ದರೆ ಕೆಳಗಿದ್ದದ್ದು ಮೇಲೆ ಬಂದು, ಬಿತ್ತಿದ ಕಾಳಿನ ಜೊತೆಗೇ ಏಳುತ್ತಿತ್ತು.

ಆಳದಲ್ಲಿದ್ದದ್ದು ಎಷ್ಟು ಕಾಲ ಬದುಕುತ್ತದೆ? 1879ರಲ್ಲಿ ಮಿಷಿಗನ್‌ನ ವಿಲಿಯಂ ಬೀಲ್ ಎಂಬ ಅಧ್ಯಾಪಕರು 20 ಬಾಟಲಿಗಳಲ್ಲಿ ಕಸದ ಬೀಜ ತುಂಬಿ ಮಣ್ಣಲ್ಲಿ ಹೂತಿಟ್ಟರು. 2021ರ ಏಪ್ರಿಲ್‌ನಲ್ಲಿ ಅವುಗಳಲ್ಲೊಂದನ್ನು ಅಗೆದು ತೆಗೆದಾಗ, 142 ವರ್ಷ ಮಣ್ಣಲ್ಲಿದ್ದ ಕೆಲವು ಬೀಜ ಮೊಳೆತವು. ಈ ಹೊಲದ ಮಣ್ಣಿನಲ್ಲಿ ಮಾವನವರ ಅಜ್ಜನ ಕಾಲದ ಕಸ ಇನ್ನೂ ಜೀವ ಹಿಡಿದಿರಬಹುದು. ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಹೊಲದ ಕಡೆಯೇ ನೋಡುತ್ತ ಕೂತರು.

ಜೂನ್ 12, ಬುಧವಾರ

ಮಿರಗ ಕೂಡಿತು. ರೋಹಿಣಿಯಲ್ಲೇ ಬಿತ್ತಿದ್ದ ಕೂರಿಗೆ ಭತ್ತ ಸಾಲು ಕಾಣುವಷ್ಟು ಎದ್ದಿದೆ. ಕೆರೆ ಕಡೆಯ ಹೊಲಕ್ಕೆ ಸೋಯಾ ಬಿತ್ತಿದ್ದಾಯಿತು. ಮೇಲಿನ ಹೊಲದ ಅರ್ಧಕ್ಕೆ ಬರೇ ಗೋವಿನಜೋಳ, ಉಳಿದರ್ಧಕ್ಕೆ ಗೋವಿನಜೋಳದ ಜೊತೆ ತೊಗರಿಯ ಅಕ್ಕಡಿ ಸಾಲು.

ಈ ಅಕ್ಕಡಿಯ ವಿಷಯಕ್ಕೆ ಮನೆಯಲ್ಲಿ ವಾದವಾಯಿತು. ಬಿತ್ತಿದ ಎರಡು ಮೂರು ದಿನದೊಳಗೆ ಹಸಿ ಮಣ್ಣಿನ ಮೇಲೆ ಅಟ್ರಾಜಿನ್ ಎಂಬ ಕಳೆನಾಶಕ ಎಣ್ಣೆ ಹೊಡೆದರೆ ಗೋವಿನಜೋಳದಲ್ಲಿ ಕಸ ಏಳುವುದು ಬಹಳ ಕಡಿಮೆ. ಎಲೆ ಬಿಸಿಲನ್ನು ಹಿಡಿದು ಆಹಾರ ಮಾಡಿಕೊಳ್ಳುವ ಕೆಲಸವನ್ನೇ ಅದು ನಿಲ್ಲಿಸಿಬಿಡುತ್ತದೆ. ಗೋವಿನಜೋಳ ಮಾತ್ರ ಆ ವಿಷವನ್ನು ತನ್ನೊಳಗೇ ಮುರಿದುಹಾಕುತ್ತದೆ. ತೊಗರಿಗೆ ಆ ಶಕ್ತಿ ಇಲ್ಲ. ಎಣ್ಣೆ ಬೇಕೆಂದರೆ ಅಕ್ಕಡಿ ಬಿಡಬೇಕು. ಊರಲ್ಲಿ ಅಕ್ಕಡಿ ಸಾಲುಗಳು ಒಂದೊಂದಾಗಿ ಕಾಣೆಯಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಮನೆಯ ಬೇಳೆ, ಬೇರಿನಿಂದ ಮಣ್ಣಿಗೆ ಸಿಗುತ್ತಿದ್ದ ಸಾರಜನಕ, ಒಲೆಗೆ ತೊಗರಿ ಕಟ್ಟಿಗೆ ಎಲ್ಲ ಆ ಸಾಲುಗಳ ಜೊತೆಗೇ ಹೋದವು.

ನಾನು ಎಣ್ಣೆಯ ಶತ್ರುವಲ್ಲ. ಬರೇ ಗೋವಿನಜೋಳ ಇರುವ ಅರ್ಧಕ್ಕೆ ನಾನೇ ಹೊಡೆಸಿದೆ. ಆಳು ಸಿಗದ ಊರಲ್ಲಿ, ಮೊದಲ ನಲವತ್ತೈದು ದಿನ ಕಸ ಬಿಟ್ಟರೆ ಪೀಕು ಕೈಗೆ ಹತ್ತುವುದಿಲ್ಲ ಅನ್ನುವುದು ಗೊತ್ತಿದ್ದವರಾರೂ ಅದನ್ನು ಸುಮ್ಮನೆ ಬೇಡ ಅನ್ನಲಾರರು. ಪ್ರತಿ ವರ್ಷ ಅದೇ ಹೊಲಕ್ಕೆ ಅದೇ ಎಣ್ಣೆ ಮಾತ್ರ ಬೇಡ ಅನ್ನುತ್ತೇನೆ. ಅಟ್ರಾಜಿನ್‌ನ ಬಳಗದ ಎಣ್ಣೆಗೆ ಜಗ್ಗದ ಕಸವನ್ನು 1968ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ನರ್ಸರಿಯಲ್ಲಿ ಕಂಡರು. ಅಲ್ಲಿ ಹತ್ತು ವರ್ಷದಿಂದ ಅದೇ ಎಣ್ಣೆ ಹೊಡೆಯುತ್ತಿದ್ದರು. ನಮ್ಮ ದೇಶದಲ್ಲಿ 1990ರ ದಶಕದ ಮೊದಲಲ್ಲಿ ಹರಿಯಾಣದ ಗೋಧಿ ಹೊಲಗಳಲ್ಲಿ ಗೋಧಿಯಂತೆಯೇ ಕಾಣುವ ಒಂದು ಹುಲ್ಲು ಐಸೊಪ್ರೋಟ್ಯುರಾನ್‌ಗೆ ಸಾಯುವುದನ್ನು ಬಿಟ್ಟಿತು. ಬೆಳೆದ ಗೋಧಿಯನ್ನು ಹಸಿಯಾಗಿಯೇ ದನಕ್ಕೆ ಕತ್ತರಿಸಿ ಹಾಕಿದವರಿದ್ದರು. ಕೋಟಿ ಗಿಡಗಳಲ್ಲಿ ಎಲ್ಲೋ ಒಂದೆರಡಕ್ಕೆ ಹುಟ್ಟಿನಿಂದಲೇ ತಡೆಯುವ ಗುಣ ಇರುತ್ತದೆ. ಎಣ್ಣೆ ಉಳಿದವನ್ನೆಲ್ಲ ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತದೆ.

ಜೂನ್ 30, ಭಾನುವಾರ

ಆರಿದ್ರಾ ಎರಡು ದಿನ ಹೊಳವಾಯಿತು. ಸೋಯಾಕ್ಕೆ ಎಡೆ ಹೊಡೆಸಿದೆವು. ನಮ್ಮ ಓಣಿಯಲ್ಲಿ ಎತ್ತು ಉಳಿಸಿಕೊಂಡ ಮನೆ ಬೆರಳಲ್ಲಿ ಎಣಿಸುವಷ್ಟು. ಹಂಗಾಮಿನಲ್ಲಿ ಅವರ ಪಾಳಿ ಹಿಡಿಯುವುದೇ ದೊಡ್ಡ ಕೆಲಸ.

ಎಡೆಕುಂಟೆ ಸಾಲಿನ ನಡುವಿನ ಕಸವನ್ನು ಬೇರಿನ ಕೆಳಗೇ ಕತ್ತರಿಸುತ್ತದೆ, ಮೇಲಿನ ಮಣ್ಣು ಸಡಿಲವಾಗಿ ಒಳಗಿನ ಹಸಿ ಉಳಿಯುತ್ತದೆ, ಬುಡಕ್ಕೆ ಮಣ್ಣೂ ಏರುತ್ತದೆ. ಎಣ್ಣೆ ಕಸವನ್ನಷ್ಟೇ ಕೊಲ್ಲುತ್ತದೆ. ಉಳಿದೆರಡು ಕೆಲಸ ಅದರಿಂದಾಗುವುದಿಲ್ಲ. ಸಾಲಿನೊಳಗೆ, ಸೋಯಾದ ಬುಡಕ್ಕೇ ಅಂಟಿಕೊಂಡು ಎದ್ದ ಕಸ ಮಾತ್ರ ಕುಂಟೆಗೆ ಸಿಗುವುದಿಲ್ಲ. ಅದಕ್ಕೆ ಹೆಣ್ಣುಮಕ್ಕಳ ಕೈಯೇ ಬೇಕು.

ಇವತ್ತು ಪಕ್ಕದೂರಿನಿಂದ ಟಂಟಂನಲ್ಲಿ ಒಂದು ಗುಂಪು ಬಂದಿತ್ತು. ಗುಂಪಿನ ಹಿರಿಯಾಕೆಯನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಾರೆ, ನಾನೂ. ಕೂತಲ್ಲಿಂದ ಸರಿಯುತ್ತ ಸರಿಯುತ್ತ ಆಕೆಯ ಕೈ ಯಾವ ಸಸಿಯನ್ನು ಕಿತ್ತು ಯಾವುದನ್ನು ಬಿಡುತ್ತದೆ ಅಂತ ಬಹಳ ಹೊತ್ತು ನೋಡಿದೆ. ಎರಡೆಲೆಯ ಸಸಿ ಮಣ್ಣಿನಿಂದ ತಲೆ ಎತ್ತಿದ್ದರೆ ಸಾಕು, ಅದು ಏನಾಗುತ್ತದೆ ಅಂತ ಆಕೆಗೆ ಗೊತ್ತು. ಕನ್ನೆ ಸೊಪ್ಪನ್ನು ಕಿತ್ತಾಗ ಅಲ್ಲೇ ಬಿಡದೆ ಉಡಿಗೆ ಹಾಕಿಕೊಂಡಳು.

“ಯಾಕ ದೊಡ್ಡವ್ವ, ಅದೊಂದನ್ನ ಆರಿಸಿಟ್ಟೀ?”

“ಇದನ್ನ ಇಲ್ಲೇ ಒಗದರ ನಾಳಿಗೆ ಮಳಿ ಬಂದಕೂಡಲೇ ಗೆಣ್ಣಿಗೊಂದು ಬೇರು ಬಿಡತೈತಿ ಅಕ್ಕಾರ. ಬದುವಿಗೆ ಒಯ್ದು ಎಮ್ಮಿಗೆ ಹಾಕೋದ ಪಾಡ.”

ಆಕೆ ಹೇಳಿದ್ದು ಸರಿ. ಈ ಗಿಡದ ಇನ್ನೊಂದು ಗುಣವನ್ನು ನಾನು ಹೇಳಿದೆ. ಮೇಲೆ ನೀಲಿ ಹೂವು ಬಿಡುವ ಇದೇ ಕನ್ನೆ ಸೊಪ್ಪು ಮಣ್ಣಿನೊಳಗೂ ಹೂವು ಬಿಡುತ್ತದೆ. ಆ ಹೂವು ಅರಳುವುದೇ ಇಲ್ಲ, ಮುಚ್ಚಿಕೊಂಡೇ ಬೀಜ ಕಟ್ಟುತ್ತದೆ. ಮೇಲಿನದನ್ನು ದನ ಮೇಯ್ದರೂ ಕೆಳಗಿನದು ಉಳಿಯುತ್ತದೆ. ದೊಡ್ಡವ್ವ ಒಂದು ಗಿಡವನ್ನು ಬೇರು ಸಮೇತ ಎಬ್ಬಿಸಿ, ಮಣ್ಣು ಕೊಡವಿ, ಬಿಳಿ ಕುಡಿಯ ತುದಿಯ ಆ ಮುಚ್ಚಿದ ಹೂವನ್ನು ಹುಡುಕಿ ತೆಗೆದು ಎಲ್ಲರಿಗೂ ತೋರಿಸಿದಳು. ಇಷ್ಟು ವರ್ಷ ಅದನ್ನು ಬೇರು ಅಂದುಕೊಂಡಿದ್ದರಂತೆ.

ಇಂಥ ಕಣ್ಣುಳ್ಳವರಿಗೆ ಕೊಡುವ ಕೂಲಿ ಗಂಡಾಳಿನ ಕೂಲಿಗಿಂತ ಇವತ್ತಿಗೂ ಕಡಿಮೆ. ಕೂತು ಮಾಡುವ ಕೆಲಸ ಹಗುರ ಅನ್ನುತ್ತಾರೆ. ದಿನವಿಡೀ ಕುಕ್ಕರಗಾಲಲ್ಲಿ ಸರಿಯುವುದು ಹಗುರವೇ? ಮುಂದಿನ ವಾರದಿಂದ ನಮ್ಮ ಹೊಲದಲ್ಲಿ ಹೆಣ್ಣಾಳು, ಗಂಡಾಳು ಇಬ್ಬರಿಗೂ ಒಂದೇ ಪಗಾರ ಅಂತ ನಮ್ಮ ಯಜಮಾನರಿಗೆ ಹೇಳಿದೆ. ಒಪ್ಪಿದರು.

ಜುಲೈ 5, ಶುಕ್ರವಾರ

ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಕೆರೆಯಿಂದ ಎರೆಮಣ್ಣು ತಂದು ಎತ್ತು ಮಾಡಿದರು, ಪೂಜೆಯಾಯಿತು. ಮಧ್ಯಾಹ್ನದಿಂದ ಮಳೆ.

ಜುಲೈ 24, ಬುಧವಾರ

ಪುನರ್ವಸು ಬಿಡದೆ ಸುರಿಯಿತು, ಪುಷ್ಯವೂ ಹಾಗೇ ನಡೆದಿದೆ. ಹೊಲದಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಹೂತುಕೊಳ್ಳುತ್ತದೆ. ಎಡೆ ಇಲ್ಲ, ಕಳೆ ಕೀಳುವುದೂ ಇಲ್ಲ. ಬದುವಿನ ಮೇಲೆ ನಿಂತು ಸೋಯಾದ ನಡುವೆ ಜೇಕು ಏಳುವುದನ್ನು ನೋಡುತ್ತ ಬಂದೆ.

ಜೇಕಿನ ಬಗ್ಗೆ ಬರೆಯದೆ ಇರಲಾರೆ. ಲೆರಾಯ್ ಹೋಮ್ ಮತ್ತು ಜೊತೆಗಾರರು 1977ರಲ್ಲಿ ಲೋಕದ ಅತಿ ಕೆಟ್ಟ ಕಸಗಳ ಬಗ್ಗೆ ಪುಸ್ತಕ ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಇದರ ಬೀಜ ಮೊಳೆಯುವುದು ಅಪರೂಪ. ಎಲ್ಲ ಬಲವೂ ಗಡ್ಡೆಯಲ್ಲಿ. ಮೊಳಕೆಯ ಬುಡದಲ್ಲಿ ಒಂದು ಗಡ್ಡೆ, ಅಲ್ಲಿಂದ ಹೊರಟ ಎಳೆಯ ತುದಿಗೆ ಇನ್ನೊಂದು, ಅದರಿಂದ ಮತ್ತೊಂದು, ಹೀಗೆ ಮಣ್ಣೊಳಗೆ ಸರಪಳಿ. ಸರಪಳಿ ಅಖಂಡ ಇದ್ದಾಗ ತುದಿಯ ಗಡ್ಡೆ ಮಾತ್ರ ಮೊಳೆತು ಉಳಿದವನ್ನು ಸುಮ್ಮನಿರಿಸುತ್ತದೆ. ಕುಂಟೆಯೋ ರೋಟಾವೇಟರೋ ಸರಪಳಿಯನ್ನು ತುಂಡರಿಸಿತೆಂದರೆ ಪ್ರತಿ ಗಡ್ಡೆಯೂ ಸ್ವತಂತ್ರ, ಪ್ರತಿಯೊಂದೂ ಮೊಳೆಯುತ್ತದೆ. ಮೇಲಿನ ಎಲೆ ಕಿತ್ತರೆ ಗಡ್ಡೆಯ ಇನ್ನೊಂದು ಕಣ್ಣು ಒಡೆಯುತ್ತದೆ. ತರಕಾರಿಯವರು ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಅದರ ಮೊನೆ ತೂತು ಮಾಡಿಕೊಂಡು ಮೇಲೆ ಬರುತ್ತದೆ.

ಮಾವನವರು ಹೇಳುವಂತೆ ಅವರ ಎಳವೆಯಲ್ಲಿ ಈ ಹೊಲದಲ್ಲಿ ಜೇಕು ಇಷ್ಟಿರಲಿಲ್ಲ. ನಾಲ್ಕೆತ್ತಿನ ದೊಡ್ಡ ನೇಗಿಲಿನಿಂದ ಬೇಸಿಗೆಯಲ್ಲಿ ಆಳ ಉಳುಮೆ ಮಾಡಿ ಹೆಂಟೆ ಒಡೆಯದೆ ಬಿಡುತ್ತಿದ್ದರಂತೆ. ಜೇಕಿನ ಗಡ್ಡೆಗೆ ಇರುವ ದೊಡ್ಡ ದೌರ್ಬಲ್ಯ ಒಣಗು. ಮಣ್ಣಿನ ಮೇಲೆ ಬಿದ್ದು ಎರಡು ವಾರ ಏಪ್ರಿಲ್ ತಿಂಗಳ ಬಿರುಬಿಸಿಲು ಕಾದರೆ ಬಹುಪಾಲು ಸಾಯುತ್ತವೆ. ಎರಡನೆಯ ದೌರ್ಬಲ್ಯ ನೆರಳು. ದಟ್ಟವಾಗಿ ಹಬ್ಬುವ ಅಲಸಂದಿಯಂಥ ಪೀಕಿನಡಿ ಅದು ಬಡಕಲಾಗಿ ಗಡ್ಡೆ ಕಟ್ಟುವುದು ಕಡಿಮೆಯಾಗುತ್ತದೆ. ಈಗ ನಾವು ಮಾಡುತ್ತಿರುವುದು ಇವೆರಡಕ್ಕೂ ತದ್ವಿರುದ್ಧ: ಬೇಸಿಗೆಯ ಆಳ ಉಳುಮೆ ಬಿಟ್ಟು, ಮಳೆ ಬಿದ್ದ ಮೇಲೆ ಹಸಿ ಮಣ್ಣಲ್ಲಿ ನಾಲ್ಕಿಂಚು ರೋಟಾವೇಟರ್. ಗಡ್ಡೆ ತುಂಡಾಗುತ್ತದೆ, ಹಸಿ ಸಿಗುತ್ತದೆ, ಹೊಲದ ಮೂಲೆಯಲ್ಲಿದ್ದದ್ದು ಯಂತ್ರದ ಹಲ್ಲಿಗೆ ಸಿಕ್ಕಿ ಹೊಲದ ತುಂಬ ಹರಡುತ್ತದೆ. ಜೊತೆಗೆ ವರ್ಷಾ ವರ್ಷಾ ಹೊಡೆಯುವ ಎಣ್ಣೆ ಜೇಕಿನ ಎದುರಾಳಿ ಕಸಗಳನ್ನೆಲ್ಲ ತೆಗೆದು ಬಯಲು ಮಾಡಿಕೊಟ್ಟಿದೆ. ಜೇಕನ್ನು ಈ ಹೊಲಕ್ಕೆ ನಾವೇ ಆರಿಸಿದ್ದೇವೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಂಜೆ ಒಬ್ಬ ಪರಿಚಯದವರು ಬಂದು ಗ್ಲೈಫೊಸೇಟ್ ಎಣ್ಣೆಯ ಮಾತೆತ್ತಿದರು. ಪೀಕು ಇಲ್ಲದಾಗ ಹೊಡೆದರೆ ಅದು ಎಲೆಯಿಂದ ಇಳಿದು ಗಡ್ಡೆಗೂ ಮುಟ್ಟುತ್ತದೆ, ನಿಜ. ಆದರೆ ಮೊಳೆಯದೆ ಮಲಗಿರುವ ಗಡ್ಡೆಗೆ ಎಲೆಯೇ ಇಲ್ಲ, ಅಲ್ಲಿಗೆ ಮುಟ್ಟುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ಬೇರೆ ಹಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ, ಪರವಾನಗಿ ಪಡೆದ ಕೀಟ ನಿಯಂತ್ರಣದವರ ಹೊರತು ಬೇರಾರೂ ಇದನ್ನು ಬಳಸಬಾರದೆಂದು ಆದೇಶ ಹೊರಡಿಸಿತು. ಕೈಗವಸಿಲ್ಲದೆ, ಮೂಗಿಗೆ ಬಟ್ಟೆಯಿಲ್ಲದೆ, ಪಂಪು ಬೆನ್ನಿಗೆ ಹೊತ್ತು ಹೊಡೆಯುವವನು ಆ ಪರಿಚಯದವರಲ್ಲ, ಅವರ ಆಳು. ಬೇಡ ಅಂದೆ.

ಬರುವ ಏಪ್ರಿಲ್‌ಗೆ ಕೆರೆ ಕಡೆಯ ಹೊಲ ಆಳ ಉಳುಮೆ. ಇದು ನಿಶ್ಚಯವಾಯಿತು.

ಆಗಸ್ಟ್ 9, ಶುಕ್ರವಾರ

ನಾಗರಪಂಚಮಿ. ಹುಣಸೆಮರಕ್ಕೆ ಜೋಕಾಲಿ ಕಟ್ಟಿದ್ದಾರೆ. ಮನೆ ತುಂಬ ಉಂಡಿಯ ವಾಸನೆ. ಅತ್ತೆ ಮೇಲಿನ ಹೊಲದಿಂದ ಕಿರಕಸಾಲಿ ತಂದಿದ್ದರು. ಎಣ್ಣೆ ಹೊಡೆದ ಅರ್ಧದಲ್ಲಿ ಒಂದು ಎಸಳೂ ಸಿಗಲಿಲ್ಲ, ಅಕ್ಕಡಿಯ ಅರ್ಧದಲ್ಲಿ ಉಡಿ ತುಂಬ ಸಿಕ್ಕಿತಂತೆ. ದುಡ್ಡು ಕೊಡದೆ ಸಿಗುವ ಪಲ್ಯ ನಮ್ಮಂಥ ಮನೆಗಳಲ್ಲಿ ಮಳೆಗಾಲದ ಅರ್ಧ ಊಟ. ಕೃಷಿಯ ಲೆಕ್ಕ ಬರೆಯುವ ಯಾವ ವಹಿಯಲ್ಲೂ ಅದು ಕಾಣುವುದಿಲ್ಲ.

ಆಗಸ್ಟ್ 20, ಮಂಗಳವಾರ

ಆಗಸ್ಟ್ 16ರಿಂದ 22ರವರೆಗೆ ದೇಶದೆಲ್ಲೆಡೆ ಪಾರ್ಥೇನಿಯಂ ಜಾಗೃತಿ ಸಪ್ತಾಹ. ಪಾರ್ಥೇನಿಯಂ ಅಂದರೆ ನಮ್ಮ ಕಾಂಗ್ರೆಸ್ ಕಸವೇ. ಜಬಲ್‌ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಇದನ್ನು ನಡೆಸಿಕೊಂಡು ಬಂದಿದೆ. ನಮ್ಮೂರ ಶಾಲೆಯ ಮಕ್ಕಳಿಗೆ ಅರ್ಧ ತಾಸು ಮಾತಾಡಿ ಅಂತ ಗುರುಗಳು ಕರೆದಿದ್ದರು, ಹೋಗಿಬಂದೆ.

1955ರಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು, ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತೆಂದು ಹೇಳುವುದು, ಒಂದೊಂದು ಗಿಡ ಹದಿನೈದಿಪ್ಪತ್ತು ಸಾವಿರ ಬೀಜ ಉದುರಿಸುವುದು, ಮುಟ್ಟಿದವರಿಗೆ ಮೈ ತುರಿಕೆ, ಕೆಲವರಿಗೆ ಉಬ್ಬಸ, ಇಷ್ಟು ಹೇಳಿದೆ. ಕರ್ನಾಟಕ 1975ರಲ್ಲೇ ಇದನ್ನು ಕಾಯಿದೆಯಡಿ ಉಪದ್ರವಕಾರಿ ಕಸ ಎಂದು ಸಾರಿತ್ತು ಅಂದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಹಂಗಾರ ಇನ್ನೂ ಯಾಕ ಐತ್ರಿ?”

ಅದೇ ಪ್ರಶ್ನೆ ನನ್ನದೂ. ಹೊಲದೊಳಗೆ ಯಾರೂ ಅದನ್ನು ಬೆಳೆಯಲು ಬಿಡುವುದಿಲ್ಲ. ಅದು ಬೆಳೆಯುವುದು ರಸ್ತೆಯ ಮಗ್ಗುಲು, ಬಸ್ ನಿಲ್ದಾಣದ ಹಿಂದೆ, ಖಾಲಿ ಜಾಗದಲ್ಲಿ, ಬದುವಿನ ಮೇಲೆ. ಯಾರದೂ ಅಲ್ಲದ, ಎಲ್ಲರದೂ ಆದ ನೆಲದಲ್ಲಿ. ಅಲ್ಲಿ ಉದುರಿದ ಬೀಜ ಗಾಳಿಗೆ, ನೀರಿಗೆ, ಗಾಲಿಗೆ ಹತ್ತಿ ಹೊಲಕ್ಕೆ ಬರುತ್ತದೆ. ಒಬ್ಬರು ತೆಗೆದು ಇನ್ನೊಬ್ಬರು ಬಿಟ್ಟರೆ ತೆಗೆದವರ ಶ್ರಮವೂ ಹೋಯಿತು.

ಮಕ್ಕಳನ್ನು ಶಾಲೆಯ ಕಾಂಪೌಂಡಿನ ಆಚೆ ಕರೆದುಕೊಂಡು ಹೋಗಿ ಕಾಂಗ್ರೆಸ್ ಕಸದ ಎಲೆ ತಿನ್ನುತ್ತಿದ್ದ ದುಂಬಿಯನ್ನು ತೋರಿಸಿದೆ. ಮಾಸಲು ಬಿಳಿಯ ಬೆನ್ನಿನ ಮೇಲೆ ಕಂದು ಗೆರೆ, ಕಡಲೆಕಾಳಿಗಿಂತ ಚಿಕ್ಕದು. ಮೆಕ್ಸಿಕೊದಿಂದ ತಂದ ಜೈಗೋಗ್ರಾಮಾ ಎಂಬ ಈ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿದ್ದು ಮಳೆ ಬಿದ್ದೊಡನೆ ಎದ್ದು ಬರುತ್ತದೆ. ಕೆಲವು ವರ್ಷಗಳ ನಂತರ ಅದು ಸೂರ್ಯಕಾಂತಿ ಎಲೆ ತಿನ್ನುತ್ತದೆ ಅನ್ನುವ ದೂರು ಬಂದು ರೈತರು ಹೆದರಿದ್ದರು. ಕೆ.ಪಿ. ಜಯಂತ್ ಮತ್ತು ಜೊತೆಗಾರರು 1993ರಲ್ಲಿ ಅದಕ್ಕೆ ಉತ್ತರ ಕೊಟ್ಟರು: ಪಕ್ಕದ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿಯ ಎಲೆಯ ಮೇಲೆ ಬಿದ್ದಿದ್ದಾಗ ದುಂಬಿ ಅದರ ರುಚಿಗೆ ಆ ಎಲೆಯನ್ನು ಕಚ್ಚುತ್ತಿತ್ತು.

ನಮ್ಮ ಧಾರವಾಡದ ಕಥೆಯನ್ನು ಮಕ್ಕಳಿಗೆ ಹೆಚ್ಚು ಹೊತ್ತು ಹೇಳಿದೆ. ತಗಚಿಯ ಬಳಗದ್ದೇ ಒಂದು ಗಿಡ, ಕ್ಯಾಸಿಯಾ ಸೆರಿಸಿಯಾ, ಪಾರ್ಥೇನಿಯಂ ಇರುವ ಕಡೆ ದಟ್ಟವಾಗಿ ಎದ್ದು ಅದನ್ನು ಹಿಂದಕ್ಕೆ ತಳ್ಳುತ್ತ ಹೋಗುತ್ತದೆ ಅನ್ನುವುದನ್ನು ಜೋಶಿ ಮತ್ತು ಮಹದೇವಪ್ಪ 1986ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಭತ್ತದ ತಳಿಗಳಿಂದ ಹೆಸರಾದ ಎಂ. ಮಹದೇವಪ್ಪ ಮುಂದೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ನೆಲವನ್ನು ಬರಿದು ಬಿಟ್ಟರೆ ಯಾವುದೋ ಒಂದು ಗಿಡ ಅದನ್ನು ಹಿಡಿದೇ ಹಿಡಿಯುತ್ತದೆ, ಹಾಗಾದರೆ ಯಾವುದು ಹಿಡಿಯಬೇಕೆಂದು ನಾವೇ ನಿರ್ಧರಿಸೋಣ ಅನ್ನುವ ಆ ಯೋಚನೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆ ಕ್ಯಾಸಿಯಾವೂ ಹೊರಗಿನದೇ, ಅದನ್ನು ಹರಡಲು ನನಗೆ ಮನಸ್ಸಿಲ್ಲ. ನಮ್ಮ ತಗಚಿಯೂ ಈ ಕೆಲಸ ಮಾಡುತ್ತದೆ. ಬೀಜ ಬಲಿತಾಗ ತಗಚಿಯ ಕಾಯಿ ಕೂಡಿಸಿ, ಮುಂದಿನ ಮುಂಗಾರಿಗೆ ಮೊದಲು ಶಾಲೆಯ ದಾರಿಯುದ್ದಕ್ಕೂ ಚೆಲ್ಲುವುದೆಂದು ಮಕ್ಕಳು ಒಪ್ಪಿಕೊಂಡಿದ್ದಾರೆ. ಎಳೆ ಸೊಪ್ಪು ಪಲ್ಯಕ್ಕೂ ಆಯಿತು.

ಸೆಪ್ಟೆಂಬರ್ 7, ಶನಿವಾರ

ಗಣಪತಿ ಕೂಡಿಸಿದೆವು. ಕರಿಕಿ ತರಲು ಹುಡುಗರು ಬದುವಿಗೆ ಓಡಿದರು. ಕಬ್ಬಿಣದ ಸಲಿಕೆಗೂ ಬಗ್ಗದ, ಆಳಕ್ಕೆ ಬೇರು ಇಳಿಸಿ ಎರೆಹೊಲವನ್ನು ಬೀಳು ಬೀಳಿಸುವ ಹುಲ್ಲು. ಅದೇ ಬದುವಿನ ಮೇಲಿದ್ದರೆ ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುತ್ತದೆ. ಈ ಜುಲೈನ ಮಳೆಗೆ ಕರಿಕಿ ಇದ್ದ ನಮ್ಮ ಬದು ಒಡೆಯಲಿಲ್ಲ. ಎಣ್ಣೆ ಹೊಡೆದು ಬೋಳು ಮಾಡಿದ ಬದುಗಳು ಎರಡು ಕಡೆ ಒಡೆದಿವೆ. ಬದುವಿಗೆ ಎಣ್ಣೆ ಹೊಡೆಯಬಾರದು.

ಸೆಪ್ಟೆಂಬರ್ 24, ಮಂಗಳವಾರ

ಉತ್ತರಿ ಮಳೆ ಹದವಾಗಿದೆ. ಭತ್ತ ಹೊಡೆ ಬಿಚ್ಚಿದೆ. ಈಗಲೇ ಕಾಡುಭತ್ತ ಗುರುತಿಗೆ ಸಿಗುವುದು.

ಸಸಿಯಿದ್ದಾಗ ಅದನ್ನು ಭತ್ತದಿಂದ ಬೇರೆ ಮಾಡಿ ಹೇಳುವುದು ಬಹಳ ಕಷ್ಟ. ತೆನೆ ಬಂದಾಗ ಉದ್ದ ಮುಳ್ಳುಮೀಸೆ, ಕಾಳು ಬಲಿತೊಡನೆ ಕೈ ಸೋಕಿದರೂ ಉದುರುವ ಗುಣ, ಅಷ್ಟರಲ್ಲಿ ಕಾಲ ಮೀರಿರುತ್ತದೆ. ನಾಟಿ ಮಾಡುವ ಕಡೆ ಕೆಸರು ಮಾಡಿ ನೀರು ನಿಲ್ಲಿಸಿದಾಗ ಇದು ಬಹುಮಟ್ಟಿಗೆ ಸಾಯುತ್ತದೆ. ನಮ್ಮ ಕಲಘಟಗಿ ಕಡೆಯ ಕೂರಿಗೆ ಭತ್ತದಲ್ಲಿ ಬೀಜವೂ ಕಸವೂ ಒಂದೇ ಮಳೆಗೆ, ಒಂದೇ ಸಾಲಲ್ಲಿ ಏಳುತ್ತವೆ.

ಇದು ಯಾಕೆ ಭತ್ತದಂತೆಯೇ ಕಾಣುತ್ತದೆ ಎಂಬುದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಸಾವಿರಾರು ವರ್ಷ ಹೆಣ್ಣುಮಕ್ಕಳು ಗದ್ದೆಯಲ್ಲಿ ಕೂತು, ಭತ್ತದಂತಿಲ್ಲದ್ದನ್ನೆಲ್ಲ ಕಿತ್ತುಹಾಕಿದ್ದಾರೆ. ಅವರ ಕಣ್ಣು ತಪ್ಪಿಸಿ ಉಳಿದದ್ದು ಭತ್ತದಂತಿದ್ದದ್ದು ಮಾತ್ರ. ಅದರ ಬೀಜ ಮುಂದಿನ ವರ್ಷ ಇನ್ನೂ ಹೆಚ್ಚು ಭತ್ತದಂತೆ. ರಷ್ಯಾದ ನಿಕೊಲಾಯ್ ವಾವಿಲೋವ್ ಇದೇ ಜಾಡು ಹಿಡಿದು, ಗೋಧಿ ಹೊಲದ ಕಸವಾಗಿದ್ದ ರೈ ಎಂಬ ಹುಲ್ಲು ಗೋಧಿಯನ್ನೇ ಹೋಲುತ್ತ ಹೋಲುತ್ತ ಕೊನೆಗೆ ತಾನೇ ಒಂದು ಧಾನ್ಯವಾಯಿತೆಂದು ತೋರಿಸಿದರು. ಹಿಂದಿನ ಮಧ್ಯಪ್ರಾಂತದಲ್ಲಿ ನೇರಳೆ ಎಲೆಯ ಭತ್ತ ಬಿತ್ತಿ, ಹಸಿರು ಸಸಿಗಳನ್ನೆಲ್ಲ ಕಾಡುಭತ್ತವೆಂದು ಕೀಳಿಸುವ ಉಪಾಯ ಹೂಡಿದರು. ಬಿ.ಬಿ. ದವೆ 1943ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಮೊದಮೊದಲು ಚೆನ್ನಾಗಿ ನಡೆಯಿತು. ಅದೇ ತಳಿಯನ್ನು ಬಿಡದೆ ಬಿತ್ತಿದ ಕಡೆ, ಎರಡೂ ಕೂಡಿ ಹುಟ್ಟಿದ ನೇರಳೆ ಎಲೆಯ ಕಾಡುಭತ್ತ ಕಾಣಿಸಿಕೊಂಡಿತು.

ಎಣ್ಣೆಗೆ ಆದದ್ದೇ ಕಣ್ಣಿಗೂ ಆಯಿತು. ಒಂದೇ ಉಪಾಯವನ್ನು ಹಿಡಿದು ಕೂತವರಿಗೆ ಕಸ ಅದಕ್ಕೆ ತಕ್ಕ ಉತ್ತರ ಕಂಡುಕೊಳ್ಳುತ್ತದೆ. ಉಪಾಯ ಬದಲಿಸುತ್ತಲೇ ಇರಬೇಕು. ಈ ಗದ್ದೆಗೆ ಬರುವ ವರ್ಷ ಭತ್ತ ಬೇಡ, ಸೋಯಾ ಹಾಕೋಣ ಅಂತ ಮಾವನವರಿಗೆ ಹೇಳಿದೆ. ಭತ್ತವಿಲ್ಲದ ಹೊಲದಲ್ಲಿ ಕಾಡುಭತ್ತ ಎಷ್ಟು ಹೋಲಿದರೂ ಅಡಗಲು ಜಾಗವಿಲ್ಲ. ಅದರ ಮರುವರ್ಷಕ್ಕೆ ಬೀಜದ ಭತ್ತವನ್ನು ನಮ್ಮ ರಾಶಿಯಿಂದ ತೆಗೆಯದೆ ಬೇರೆ ಕಡೆಯಿಂದ ಶುದ್ಧ ಬೀಜ ತರಬೇಕು. ಅವರು ಇನ್ನೂ ಹೂಂ ಅಂದಿಲ್ಲ. ವರ್ಷದ ಊಟದ ಅಕ್ಕಿ ಕೊಳ್ಳಬೇಕಾಗುತ್ತದೆ ಅನ್ನುವುದು ಅವರ ಸಂಕಟ.

ಅಕ್ಟೋಬರ್ 15, ಮಂಗಳವಾರ

ಸೋಯಾ ರಾಶಿ ಮುಗಿಯಿತು. ಚಿತ್ತಿ ಮಳೆ ಮೋಡ ಕಟ್ಟಿದೆ.

ಭಾವನವರ ಕಬ್ಬಿನ ಹೊಲಕ್ಕೆ ಹೋಗಿದ್ದೆ. ನೀರು, ಗೊಬ್ಬರ ಎಲ್ಲ ಕೊಟ್ಟರೂ ಕುಳೆ ಕಬ್ಬು ಬಾಡಿದಂತಿದೆ ಅಂತ ಕರೆದಿದ್ದರು. ಸಾಲಿನೊಳಗೆ ಬಗ್ಗಿ ನೋಡಿದರೆ ಬುಡದ ಸುತ್ತ ಗೇಣುದ್ದದ ಸಣ್ಣ ಗಿಡಗಳು, ಬಿಳಿಯ ಪುಟ್ಟ ಹೂವು. ಸ್ಟ್ರೈಗಾ. ನೋಡಲು ಎಷ್ಟು ಬಡಪಾಯಿ ಅನ್ನಿಸಿದರೂ ಅದರ ಬೇರು ಕಬ್ಬಿನ ಬೇರಿಗೆ ಕೂತು ನೀರು, ಅನ್ನ ಎರಡನ್ನೂ ಹೀರುತ್ತದೆ. ಮಣ್ಣಿನ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ಅರ್ಧ ಹಾನಿ ಆಗಿಹೋಗಿರುತ್ತದೆ.

ಇದರ ಬೀಜ ಧೂಳಿನಷ್ಟು ಸಣ್ಣದು, ಒಂದು ಗಿಡಕ್ಕೆ ಹತ್ತಾರು ಸಾವಿರ, ಮಣ್ಣಲ್ಲಿ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಬೆಳಕಿಗೆ ಕಾಯುವ ಬೀಜಗಳ ಮಾತು ಬೇರೆ. ಇದು ಕಾಯುವುದು ಬೇರಿಗೆ. ಜೋಳ, ಗೋವಿನಜೋಳ, ಕಬ್ಬಿನ ಬೇರು ಮಣ್ಣಿಗೆ ಬಿಡುವ ಒಂದು ದ್ರವ್ಯದ ಸುಳಿವು ಸಿಕ್ಕರೆ ಮಾತ್ರ ಮೊಳೆಯುತ್ತದೆ. ಬೇರು ಅದನ್ನು ಯಾಕೆ ಬಿಡುತ್ತದೆ ಎಂಬುದು ಬಹಳ ವರ್ಷ ಗೊತ್ತಿರಲಿಲ್ಲ. 2005ರಲ್ಲಿ ಜಪಾನಿನ ಅಕಿಯಾಮ ಮತ್ತು ಸಂಗಡಿಗರು ಉತ್ತರ ಕಂಡರು: ಮಣ್ಣಿನಿಂದ ರಂಜಕ ತಂದುಕೊಡುವ ಶಿಲೀಂಧ್ರಗಳನ್ನು ಬೇರು ತನ್ನತ್ತ ಕರೆಯುವುದು ಈ ದ್ರವ್ಯದಿಂದಲೇ. ಗೆಳೆಯನನ್ನು ಕರೆದ ದನಿ ಕೇಳಿ ಕಳ್ಳ ಬಾಗಿಲಿಗೆ ಬಂದಂತೆ. ಮಣ್ಣು ಬಡವಾದಷ್ಟೂ ಬೇರು ಹೆಚ್ಚು ಕರೆಯುತ್ತದೆ, ಸ್ಟ್ರೈಗಾ ಹೆಚ್ಚು ಏಳುತ್ತದೆ.

ಆ ದ್ರವ್ಯವನ್ನು ಮೊದಲು ಬೇರ್ಪಡಿಸಿ ತೆಗೆದದ್ದು 1966ರಲ್ಲಿ, ಅದೂ ಹತ್ತಿಯ ಬೇರಿನಿಂದ. ಹತ್ತಿಯ ಮೇಲೆ ಸ್ಟ್ರೈಗಾ ಬದುಕಲಾರದು. ಹತ್ತಿಯ ಬೇರಿನ ಕರೆಗೆ ಮೊಳೆಯುತ್ತದೆ, ಅಂಟಿಕೊಳ್ಳಲಾಗದೆ ನಾಲ್ಕಾರು ದಿನದಲ್ಲಿ ಸಾಯುತ್ತದೆ. ಜೋಳದ ಹಿಂದೆ ಹತ್ತಿ, ಹತ್ತಿಯ ಹಿಂದೆ ಜೋಳ ಎಂದು ನಮ್ಮ ಜಿಲ್ಲೆಯ ಎರೆಹೊಲಗಳಲ್ಲಿ ಹಿರಿಯರು ಪೀಕು ತಿರುಗಿಸುತ್ತಿದ್ದರಲ್ಲ, ಮಣ್ಣೊಳಗಿನ ಬೀಜ ಅದರಿಂದಲೂ ಸವೆಯುತ್ತಿತ್ತು. ಕೆನ್ಯಾದಲ್ಲಿ ಜಿಯಾಉರ್ ಖಾನ್ ಮತ್ತು ಸಂಗಡಿಗರು ಗೋವಿನಜೋಳದ ಸಾಲಿನ ನಡುವೆ ಡೆಸ್ಮೋಡಿಯಂ ಎಂಬ ಮೇವಿನ ಬೆಳೆ ಹಾಕಿಸಿ ಸ್ಟ್ರೈಗಾ ಬಳಗದ ಕಸವನ್ನು ಹಿಡಿತಕ್ಕೆ ತಂದಿದ್ದಾರೆ. ಅದೂ ಒಂದು ಬಗೆಯ ಅಕ್ಕಡಿಯೇ.

ಭಾವನವರಿಗೆ ಇದನ್ನೆಲ್ಲ ಹೇಳಿ, ಈ ಕುಳೆ ಕಡಿದ ಮೇಲೆ ಎರಡು ವರ್ಷ ಕಬ್ಬು ಬಿಟ್ಟು ಒಮ್ಮೆ ಹತ್ತಿ, ಒಮ್ಮೆ ಸೋಯಾ ಹಾಕಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ನೀ ಹೇಳೋದು ಖರೆ ಇರಬೇಕು ತಂಗಿ. ಆದರ ಕಬ್ಬಿನ ರೊಕ್ಕದ ಮ್ಯಾಲ ಸಾಲಾ ತಗದೇನಿ. ಎರಡ ವರ್ಷ ಕಬ್ಬು ಕಳಸದಿದ್ದರ ಕಂತು ಯಾರು ಕಟ್ಟತಾರ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಸದ ವಿಚಾರ ಎಲ್ಲಿಂದ ಹೊರಟರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಪೀಕು ತಿರುಗಿಸಬೇಕು ಅನ್ನುವುದು ಗೊತ್ತಿರುವವರಿಗೂ ತಿರುಗಿಸುವಷ್ಟು ಬಿಡುವನ್ನು ಸಾಲ ಕೊಡುವುದಿಲ್ಲ. ಒಂದೇ ಪೀಕಿಗೆ ಕಟ್ಟಿಹಾಕುವ ಸಾಲ, ಒಂದೇ ಪೀಕಿನ ಖರೀದಿ, ಇವುಗಳ ಬಗ್ಗೆ ಮಾತಾಡದೆ ರೈತನಿಗೆ ಬರೇ ಬುದ್ಧಿ ಹೇಳುವುದು ಸರಿಯಲ್ಲ.

ಬಹಳ ಹೊತ್ತು ಲೆಕ್ಕ ಹಾಕಿದ ಮೇಲೆ, ಹೆಚ್ಚು ಹಾಳಾದ ಕೆಳಗಿನ ಒಂದು ಎಕರೆಗೆ ಮಾತ್ರ ಬರುವ ಮುಂಗಾರಿಗೆ ಹತ್ತಿ ಅಂತ ಭಾವನವರು ಒಪ್ಪಿದರು. ಉಳಿದದ್ದರಲ್ಲಿ ಬೀಜ ಕಟ್ಟುವ ಮೊದಲೇ ಸ್ಟ್ರೈಗಾ ಕಿತ್ತು, ಚೀಲದಲ್ಲಿ ತುಂಬಿ ತಂದು ಸುಡಬೇಕು. ನಾಡಿದ್ದು ಬನ್ನಿ ಅಂತ ದೊಡ್ಡವ್ವನ ಗುಂಪಿಗೆ ಹೇಳಿಕಳಿಸಿದ್ದೇವೆ. ಆ ಹೊಲಕ್ಕೂ ನಮ್ಮ ಹೊಲಕ್ಕೂ ಬರುವುದು ಒಂದೇ ಟ್ರ್ಯಾಕ್ಟರ್. ಅಲ್ಲಿಂದ ಇಲ್ಲಿಗೆ ಬರುವ ಮೊದಲು ಗಾಲಿ, ಕುಂಟೆ ಎರಡನ್ನೂ ಅಲ್ಲೇ ಬೋರಿನ ನೀರಲ್ಲಿ ತೊಳೆದು ತರಬೇಕೆಂದು ಓಡಿಸುವವನಿಗೆ ಫೋನ್ ಮಾಡಿ ಹೇಳಿದೆ.